‘ಕ್ಯಾಲಿಪ್ಸೊ ಆಟ’ ಎಂದು ಬರೆಯುವಾಗ ನಾವು ಹೇಳುತ್ತಿರುವುದೇನು?

ವೆಸ್ಟ್ ಇಂಡೀಸ್ ತಂಡದ ಬಗ್ಗೆ ಕನ್ನಡದಲ್ಲಿ ಬರೆದ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಕ್ಯಾಲಿಪ್ಸೊ’ ಎಂಬ ಪದ ಪುಟಕ್ಕೊಮ್ಮೆ ಬರುತ್ತದೆ. ಬೀಸಾಟಕ್ಕೂ ಅದೇ, ಸಿಕ್ಸರ್‌ಗಳ ಸುರಿಮಳೆಗೂ ಅದೇ, ಗೆದ್ದ ಮೇಲಿನ ಕುಣಿತಕ್ಕೂ ಅದೇ. ಲೇಖಕರನ್ನು ಕೇಳಿದರೆ, “ನಮ್ಮ ಕ್ರೀಡಾ ಪುಟಗಳಲ್ಲಿ ಆ ಅರ್ಥ ರೂಢಿಯಾಗಿಬಿಟ್ಟಿದೆ, ಬಿಟ್ಟುಬಿಡಿ” ಎನ್ನುತ್ತಾರೆ. ರೂಢಿಗೆ ನಾನೂ ತಲೆಬಾಗುವವನೇ. ಆದರೆ ಈ ರೂಢಿ ಮೂಲ ಪದದ ಅರ್ಥವನ್ನು ತಲೆಕೆಳಗು ಮಾಡಿದೆ ಎಂಬುದು ನನ್ನ ತಕರಾರು. ಬಲ್ಲವರ ಅಭಿಪ್ರಾಯ ಬೇಕು.

ಕ್ಯಾಲಿಪ್ಸೊ ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್‌ನ ಹಾಡಿನ ಪ್ರಕಾರ. ಗ್ರೀಕ್ ಪುರಾಣದ ಅಪ್ಸರೆಯ ಹೆಸರಿಗೂ ಇದಕ್ಕೂ ಕಾಗುಣಿತ ಒಂದೇ ಎಂಬುದನ್ನು ಬಿಟ್ಟರೆ ನಂಟಿಲ್ಲ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ನಾಲಗೆಯಲ್ಲಿದ್ದ ‘ಕೈಸೊ’ ಎಂಬ ಉದ್ಗಾರವೇ ಇದರ ಮೂಲ ಎಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ. ಇಂದಿಗೂ ಹಾಡು ಚೆನ್ನಾಗಿ ಕೂಡಿಬಂದರೆ ಕೇಳುಗರು “ಕೈಸೊ, ಕೈಸೊ” ಎಂದು ಕೂಗುತ್ತಾರೆ. ನಮ್ಮ ‘ಭಲೆ’ಯ ಹಾಗೆ.

ಈ ಹಾಡಿನ ಜೀವಾಳ ಮೋಜಲ್ಲ, ಕುಟುಕು. ಊರಿನ ಸುದ್ದಿ, ಅಧಿಕಾರಿಗಳ ಹಗರಣ, ಬೆಲೆಯೇರಿಕೆ ಎಲ್ಲವೂ ಪದವಾಗುತ್ತಿದ್ದವು. 1930ರ ದಶಕದಲ್ಲಿ ವಸಾಹತು ಸರಕಾರ ಹಾಡುಗಳಿಗೆ ಸೆನ್ಸಾರ್ ಹೇರಿತ್ತು ಎಂದರೆ ಅವುಗಳ ಮೊನೆ ಎಷ್ಟಿತ್ತೆಂದು ಊಹಿಸಬಹುದು. 1956ರಲ್ಲಿ ಮೈಟಿ ಸ್ಪ್ಯಾರೊ ಎಂಬ ತರುಣ ಗಾಯಕ ಹೆಸರು ಮಾಡಿದ್ದು, ಅಮೆರಿಕದ ಸೈನಿಕರು ಟ್ರಿನಿಡಾಡ್‌ನ ನೆಲೆಗಳನ್ನು ಬಿಟ್ಟು ಹೊರಟ ಮೇಲೆ ಅವರನ್ನೇ ನಂಬಿದ್ದ ವೇಶ್ಯೆಯರ ಪಾಡೇನಾಯಿತು ಎಂದು ಅಣಕಿಸಿದ ಹಾಡಿನಿಂದ. ಗಾಯಕರು ಪರಸ್ಪರ ಕಾಲೆಳೆಯುವ ‘ಪಿಕಾಂಗ್’ ಎಂಬ ಸವಾಲ್-ಜವಾಬಿನ ಪರಿಪಾಠವೂ ಇದೆ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳ ವಾಗ್ವಾದವನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಇದು ಕ್ರಿಕೆಟ್ಟಿಗೆ ಅಂಟಿಕೊಂಡದ್ದು ಹೇಗೆ? 1950ರ ಜೂನ್ 29ರಂದು ಲಾರ್ಡ್ಸ್‌ನಲ್ಲಿ ವೆಸ್ಟ್ ಇಂಡೀಸ್ ಇಂಗ್ಲೆಂಡನ್ನು 326 ರನ್‌ಗಳಿಂದ ಸೋಲಿಸಿತು. ಇಂಗ್ಲೆಂಡಿನ ನೆಲದಲ್ಲಿ ಅದು ಅವರ ಮೊದಲ ಟೆಸ್ಟ್ ಗೆಲುವು. ಎರಡು ವರ್ಷ ಮೊದಲು ಎಂಪೈರ್ ವಿಂಡ್‌ರಶ್ ಹಡಗಿನಲ್ಲಿ ಕೆರಿಬಿಯನ್ನಿನಿಂದ ಇಂಗ್ಲೆಂಡಿಗೆ ಬಂದಿಳಿದಿದ್ದ, ಲಾರ್ಡ್ ಕಿಚನರ್ ಎಂಬ ವೇದಿಕೆ ಹೆಸರಿನ ಕ್ಯಾಲಿಪ್ಸೊ ಗಾಯಕ ಗಿಟಾರ್ ಹಿಡಿದು ಮೈದಾನಕ್ಕೆ ನುಗ್ಗಿ, ಮೆರವಣಿಗೆಯನ್ನು ಲಂಡನ್ನಿನ ಪಿಕಡಿಲಿಯವರೆಗೂ ನಡೆಸಿದ. ಆ ಪಂದ್ಯದ ಮೇಲೆ ಇನ್ನೊಬ್ಬ ಗಾಯಕ ಲಾರ್ಡ್ ಬಿಗಿನರ್ ಕಟ್ಟಿದ ಹಾಡನ್ನು ಗಮನವಿಟ್ಟು ಕೇಳಿ. ಇಂಗ್ಲೆಂಡಿನ ದೊರೆ ಠಾಕುಠೀಕಾಗಿ ಬಂದಿದ್ದ ಎಂಬುದು, ರೇ ಮತ್ತು ಸ್ಟಾಲ್ಮೇಯರ್ ಆಟ ಆರಂಭಿಸಿದ್ದು, ರಾಮಾಧೀನ್ ಮತ್ತು ವ್ಯಾಲೆಂಟೈನ್ ಎಂಬ ಇಬ್ಬರು ಹುಡುಗರ ಸ್ಪಿನ್ ಎಲ್ಲವೂ ಅದರಲ್ಲಿ ಸಾಲಾಗಿ ಬರುತ್ತವೆ. ಅಪ್ಪಟ ವರದಿ ಅದು, ಪ್ರಾಸಬದ್ಧ ವರದಿ. ಆಳುವವರನ್ನು ಅವರ ಮನೆಯಂಗಳದಲ್ಲೇ ಸೋಲಿಸಿದ ಖುಷಿ ಅದರ ಒಡಲಲ್ಲಿದೆ. ‘ಮೋಜಿನ ಆಟ’ ಎಂಬ ಅರ್ಥಕ್ಕೆ ಅಲ್ಲಿ ಜಾಗವೇ ಇಲ್ಲ.

(ಅಂದಹಾಗೆ, ಈ ರಾಮಾಧೀನ್ ಟ್ರಿನಿಡಾಡ್‌ನ ಕಬ್ಬಿನ ಗದ್ದೆಗಳಿಗೆ ಕರಾರಿನ ಕೂಲಿಗಳಾಗಿ ಹೋದ ಭಾರತೀಯರ ಪೀಳಿಗೆಯವರು. ನಮ್ಮ ಪತ್ರಿಕೆಗಳಲ್ಲಿ ಅವರು ‘ರಾಮದಿನ್’ ಕೂಡ ಆಗುತ್ತಾರೆ. ವೆಸ್ಟ್ ಇಂಡೀಸ್ ತಂಡದ ಇನ್ನೊಬ್ಬ ಆಟಗಾರ ಕಾಳಿಚರಣ್ ‘ಕಲ್ಲಿಚರನ್’ ಆದಂತೆ. ಅದನ್ನು ಇನ್ನೊಮ್ಮೆ ಚರ್ಚಿಸೋಣ.)

ಭಾರತಕ್ಕೆ ನೇರ ಸಂಬಂಧಪಟ್ಟ ಉದಾಹರಣೆಯೂ ಉಂಟು. 1971ರ ವೆಸ್ಟ್ ಇಂಡೀಸ್ ಪ್ರವಾಸದ ನಾಲ್ಕು ಟೆಸ್ಟ್‌ಗಳಲ್ಲಿ ಗಾವಸ್ಕರ್ 774 ರನ್ ಹೊಡೆದರು, ಭಾರತ ಸರಣಿ ಗೆದ್ದಿತು. ಟ್ರಿನಿಡಾಡ್‌ನ ಗಾಯಕ ಲಾರ್ಡ್ ರಿಲೇಟರ್ ಸುಮ್ಮನಿರಲಿಲ್ಲ. ತನ್ನವರ ಕೈಯಲ್ಲಿ ಔಟ್ ಮಾಡಲಾಗದ ಈ ಆಟಗಾರನನ್ನು ಗೋಡೆಗೆ ಹೋಲಿಸಿ ಹಾಡು ಕಟ್ಟಿದ. ಸೋತ ಊರಿನ ಕವಿ ಗೆದ್ದವನನ್ನು ಹೊಗಳುತ್ತ ತನ್ನ ತಂಡವನ್ನು ಚಿವುಟುವುದು: ಇದು ಕ್ಯಾಲಿಪ್ಸೊ. ಆಗ ನಮ್ಮ ದ್ರಾವಿಡ್ ಇನ್ನೂ ಹುಟ್ಟಿರಲಿಲ್ಲ. ಅವರ ‘ಗೋಡೆ’ ಎಂಬ ಬಿರುದಿಗೆ ಟ್ರಿನಿಡಾಡ್‌ನ ಹಾಡಿನಲ್ಲಿ ಗಾವಸ್ಕರ್ ಮೊದಲೇ ವಾರಸುದಾರರಾಗಿದ್ದರು ಎನ್ನಲು ಅಡ್ಡಿಯಿಲ್ಲ.

ಅರ್ಥ ಸಡಿಲಾದದ್ದಕ್ಕೆ ದೊಡ್ಡ ಕಾರಣ ಅಮೆರಿಕದ ಧ್ವನಿಮುದ್ರಿಕೆಗಳ ಮಾರುಕಟ್ಟೆ ಎಂದು ನನ್ನ ಅಂದಾಜು. ನ್ಯೂಯಾರ್ಕ್‌ನಲ್ಲಿ ಹುಟ್ಟಿದ, ಜಮೈಕಾ ಮೂಲದ ಹ್ಯಾರಿ ಬೆಲಫಾಂಟೆ 1956ರಲ್ಲಿ ‘ಕ್ಯಾಲಿಪ್ಸೊ’ ಎಂಬ ಹೆಸರಿನಲ್ಲೇ ಒಂದು ಮುದ್ರಿಕೆ ತಂದರು. ಅದರ ಅತಿ ಪ್ರಸಿದ್ಧ ಹಾಡು ಟ್ರಿನಿಡಾಡ್‌ನದೇ ಅಲ್ಲ, ಜಮೈಕಾದಲ್ಲಿ ಇರುಳೆಲ್ಲ ಹಡಗಿಗೆ ಬಾಳೆಗೊನೆ ತುಂಬುವವರ ದುಡಿಮೆಯ ಹಾಡು. ಅಲ್ಲಿಂದ ಮುಂದೆ ಕೆರಿಬಿಯನ್ನಿನ ಬಿಸಿಲು, ಕಡಲತೀರ, ಕುಣಿತ ಎಲ್ಲವೂ ಹೊರಗಿನವರ ಬಾಯಲ್ಲಿ ಕ್ಯಾಲಿಪ್ಸೊ ಆಯಿತು.

ಕ್ರಿಕೆಟ್ ಬರಹಗಾರರು ಅದನ್ನೇ ಎತ್ತಿಕೊಂಡು, ಚೆಂದವಾಗಿ ಆಡಿ ಸೋಲುವವರು ಎಂಬ ಧಾಟಿಯಲ್ಲಿ ‘ಕ್ಯಾಲಿಪ್ಸೊ ಕ್ರಿಕೆಟಿಗರು’ ಎಂದರು. ಮೆಚ್ಚುಗೆಯ ಮುಸುಕಿನಲ್ಲಿ ಮೂದಲಿಕೆ. ಕ್ಲೈವ್ ಲಾಯ್ಡ್ ನಾಯಕರಾಗಿದ್ದ ವೆಸ್ಟ್ ಇಂಡೀಸ್ ತಂಡ ಆಸ್ಟ್ರೇಲಿಯದಲ್ಲಿ 5-1ರಿಂದ ಸೋತು ಬಂತು. ಬೆನ್ನಿಗೇ 1976ರ ಏಪ್ರಿಲ್‌ನಲ್ಲಿ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 403 ರನ್ ಗುರಿಯನ್ನು ಬೆನ್ನಟ್ಟಿ ಗೆದ್ದಿತು. ಅದರಲ್ಲಿ ನಮ್ಮ ವಿಶ್ವನಾಥ್ ಅವರದು 112, ಬ್ರಿಜೇಶ್ ಪಟೇಲ್ ಅವರದು ಔಟಾಗದೆ 49. ಮೂವರು ಸ್ಪಿನ್ನರ್‌ಗಳನ್ನು ನಂಬಿ ಕೆಟ್ಟ ಲಾಯ್ಡ್ ಆಮೇಲೆ ವೇಗದ ಬೌಲರ್‌ಗಳನ್ನೇ ಸಾಲಾಗಿ ನಿಲ್ಲಿಸಿದರು. ಮುಂದೆ ಹೋಲ್ಡಿಂಗ್, ರಾಬರ್ಟ್ಸ್, ಗಾರ್ನರ್, ಕ್ರಾಫ್ಟ್ ಎದುರು ಬ್ಯಾಟ್ ಹಿಡಿದು ನಿಂತವರ ಬಾಯಲ್ಲಿ ‘ಮೋಜು’ ಎಂಬ ಮಾತು ಬಂದಿರಲಾರದು. ಆದರೂ ಹಣೆಪಟ್ಟಿ ಉಳಿದೇಬಿಟ್ಟಿದೆ. ಬೆಂಗಳೂರಿನಲ್ಲಿ 2013ರಲ್ಲಿ ಔಟಾಗದೆ 175 ರನ್ ಚಚ್ಚಿದ ಗೇಲ್ ಜಮೈಕಾದವರು. ಅವರ ಊರಿನ ದನಿ ರೆಗೆ ಮತ್ತು ಡಾನ್ಸ್‌ಹಾಲ್ ಸಂಗೀತ, ಕ್ಯಾಲಿಪ್ಸೊ ಅಲ್ಲ. ನಾನು ತಿದ್ದುತ್ತಿರುವ ಲೇಖನದಲ್ಲಿ ಆ ಇನಿಂಗ್ಸ್ ಕೂಡ ಕ್ಯಾಲಿಪ್ಸೊ!

ನನ್ನ ಸದ್ಯದ ತೀರ್ಮಾನ ಇಷ್ಟು. ಹಾಡಿನ ಪ್ರಕಾರವನ್ನು ಹೇಳುವಾಗ ‘ಕ್ಯಾಲಿಪ್ಸೊ’ ಎಂದೇ ಇರಲಿ. ಆಟದ ಶೈಲಿಗೆ ‘ಬೀಸಾಟ’, ‘ಅಬ್ಬರದ ಆಟ’ ಸಾಕು. ಬೇರೆ ನಾಡಿನ ಹಾಡನ್ನು ಎರವಲು ತರುವುದು ಬೇಡ. ಹಾಡುವವರಿಗೆ ‘ಕ್ಯಾಲಿಪ್ಸೋನಿಯನ್’ ಎಂದು ನಾಲಗೆ ಹೊರಳಿಸುವ ಬದಲು ‘ಕ್ಯಾಲಿಪ್ಸೊ ಪದಕಾರ’ ಎನ್ನಬಹುದೇ? ‘ಗಾಯಕ’ ಎಂದರೆ ಕಟ್ಟಿ ಹಾಡುವವನು ಎಂಬ ಅಂಶ ಬಿಟ್ಟುಹೋಗುತ್ತದೆ.

ಇನ್ನೊಂದು ಕೋರಿಕೆ. 1974ರ ನವೆಂಬರ್‌ನಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ವೆಸ್ಟ್ ಇಂಡೀಸ್ ಎದುರು ನಡೆದಾಗ ಆ ತಂಡದ ಗ್ರೀನಿಜ್ ಮತ್ತು ರಿಚರ್ಡ್ಸ್ ಇಬ್ಬರೂ ಅಲ್ಲೇ ಪಾದಾರ್ಪಣೆ ಮಾಡಿದರು. ಗ್ರೀನಿಜ್ 93 ಮತ್ತು 107 ಹೊಡೆದರೆ, ರಿಚರ್ಡ್ಸ್‌ರನ್ನು ಚಂದ್ರಶೇಖರ್ ಎರಡೂ ಸಲ ಬೇಗನೆ ಕಳಿಸಿದರು. ಆ ವಾರದ ಕನ್ನಡ ಪತ್ರಿಕೆಗಳ ತುಣುಕುಗಳನ್ನು ಯಾರಾದರೂ ಕಾಪಿಟ್ಟಿದ್ದರೆ, ಅವುಗಳಲ್ಲಿ ‘ಕ್ಯಾಲಿಪ್ಸೊ’ ಇದೆಯೇ, ಇದ್ದರೆ ಯಾವ ವಾಕ್ಯದಲ್ಲಿ, ಯಾವ ಕಾಗುಣಿತದಲ್ಲಿ ಎಂದು ನೋಡಿ ತಿಳಿಸಿ.