ಚೈನೀಸ್ ಲವ್ ಡ್ರಾಮಾದಾಗ ಅಂಥಾದ್ದೇನೈತಿ?

ಇಳಕಲ್_ಸೀರಿ (ಬಾಗಲಕೋಟೆ):
ನಮಸ್ಕಾರ ರೀ ಎಲ್ಲಾರ್ಗೂ. ನಮ್ಮ ತಂಗಿ ನೋಡು ನೋಡು ಅಂತ ಬೆನ್ನಹತ್ತಿ 'ಹಿಡನ್ ಲವ್' ಹಚ್ಚಿಕೊಟ್ಲು, 25 ಎಪಿಸೋಡ್, ಒಂದೂ ಬಿಡ್ಲಿಲ್ಲ. ಕಥಿ ಏನ್ ದೊಡ್ಡದಲ್ಲ, ಸಾಲಿ ಕಲಿಯೋ ಹುಡುಗಿಗೆ ಅಣ್ಣನ ಗೆಳ್ಯಾನ ಮ್ಯಾಲೆ ಮನಸಾಗತೈತಿ, ಆಕಿ ಕಾಲೇಜಿಗೆ ಹೋದಮ್ಯಾಲೆ ಇಬ್ರೂ ಜೋಡಿ ಆಗ್ತಾರ, ಅಷ್ಟ. ಅತ್ತಿ-ಸೊಸಿ ಜಗಳ ಇಲ್ಲ, ವಿಷ ಹಾಕೋರಿಲ್ಲ, ಆದ್ರೂ ಫೋನ್ ಕೆಳಗಿಡಾಕ ಮನಸ ಬರ್ಲಿಲ್ಲ. ಯಾಕ ಹಿಂಗ? ಮುಂದ ಯಾವ್ದು ನೋಡ್ಲಿ?

ಟಿಳಕವಾಡಿ_ವೈನಿ (ಬೆಳಗಾವಿ):
ತಂಗಿ, ಹೀರೋ ಏನ್ ಮಾಡ್ತಾನ ನೋಡು. ಆಕಿ ಏನ್ ತಿನ್ನಂಗಿಲ್ಲ, ಯಾವಾಗ ಸಿಟ್ಟಾಗ್ಯಾಳ, ಎಲ್ಲಾ ನೆನಪಿಟ್ಟಿರ್ತಾನ, ಬಾಯಿಬಿಟ್ಟು ಹೇಳೂದು ಭಾಳ ತಡಾ, ಹಿಂಗಾಗಿ ಅರ್ಧ ಕಥಿ ಮುಗದಮ್ಯಾಲೆ ಸುಮ್ನ ಕೈ ಹಿಡದ್ರೂ ನಮಗ ಎದಿ ಢವಢವ ಅಂತೈತಿ. 'ಯೂ ಆರ್ ಮೈ ಗ್ಲೋರಿ' ನೋಡು, 2021ರದ್ದು. ಆಕಿ ದೊಡ್ಡ ನಟಿ, ಅವ ಬಾಹ್ಯಾಕಾಶದ ಎಂಜಿನಿಯರ್, ಸಾಲ್ಯಾಗ ಆಕಿ ಪ್ರೀತಿ ಹೇಳಿದ್ರ ಒಲ್ಲೆ ಅಂದಾವ. ಮುಂದ ಮೊಬೈಲ್ ಗೇಮ್ ಆಡ್ತಾ ಮತ್ತ ಸಿಗ್ತಾರ. ಪಗಾರ ಸಾಲಂಗಿಲ್ಲ, ಇಷ್ಟದ ಕೆಲಸ ಬಿಟ್ಟು ಬ್ಯಾಂಕಿನ ಕಡೆ ಹೋಗ್ಲೇನು ಅಂತ ಅವ ಒದ್ದಾಡೂದು ನನಗ ಲವ್ ಸೀನಿಗಿಂತ ಹಿಡಿಸ್ತು. ಒಬ್ಬರ ಕೆಲಸಕ್ಕ ಒಬ್ರು ಮರ್ಯಾದಿ ಕೊಡ್ತಾರಲ್ಲ, ಅಂಥಾ ಜೋಡಿ ನೋಡಾಕ ಛಲೋ ಅನಸ್ತೈತಿ.

ಗುಮ್ಮಟದ_ಊರಾಂವ (ವಿಜಯಪುರ):
ವೈನಿಯವರ ಮಾತು ಖರೆ ಅದ. ಆದ್ರ ಅಕ್ಕಾರ, ನೀವು ಮೊದ್ಲ 'ಮೀಟ್ ಯುವರ್‌ಸೆಲ್ಫ್' ನೋಡ್ರಿ, 2023ರದ್ದು, 40 ಎಪಿಸೋಡ್. ಹೋಟೆಲ್ ನೌಕರಿ ಮಾಡೋ ಹುಡುಗಿ, ಜೀವದ ಗೆಳತಿ ಕ್ಯಾನ್ಸರಿನಾಗ ತೀರಿಕೊಂಡಮ್ಯಾಲೆ ಕೆಲಸ ಬಿಟ್ಟು ಯುನ್ನಾನ್ ಪ್ರಾಂತದ ದಾಲಿ ಕಡೆ ಹಳ್ಳಿಗೆ ಬಂದು ಇರ್ತಾಳ. ಹೀರೋ ಶಹರದ ನೌಕರಿ ಬಿಟ್ಟು, ಊರಾಗ ಏನರ ಮಾಡಬೇಕಂತ ತಿರುಗಿ ಬಂದಾವ. ನಮ್ಮ ಕಡಿ ಹುಡುಗ್ರು ಪುಣೆ, ಬೆಂಗಳೂರು ಅಂತ ಹೋಗಿ ಊರ ಖಾಲಿ ಆಗ್ಯಾವಲ್ರಿ, ಹಂಗಾಗಿ ನಂಗ ಇದು ಎಲ್ಲಿಂದೋ ಬಂದ ಕಥಿ ಅನಿಸ್ಲೇ ಇಲ್ಲ. ಮುದುಕ್ರು, ಕಟಗಿ ಕೆತ್ತಾವ್ರು, ಅಂಗಳದಾಗ ಕುಂತು ಊಟ ಮಾಡೂದು, ಎಲ್ಲಾ ಸಾವಕಾಶ ತೋರಸ್ತಾರ, ಲವ್ ಅದರ ನಡುವ ತಾನ ಬೆಳೀತದ.

ಓದೂ_ಹುಚ್ಚು (ಜಮಖಂಡಿ):
ನನಗ ಮುಖ್ಯ ಅನಸೋದು, ಮುಗೀತೈತಿ! ನಮ್ಮ ಧಾರಾವಾಹಿ ವರ್ಷಗಟ್ಟಲೆ ಎಳೀತಾವ. ಅಲ್ಲಿ 2020ರಾಗ ಸರಕಾರದವ್ರ 40 ಎಪಿಸೋಡಿನ ಒಳಗ ಮುಗಸ್ರಿ, 30ರೊಳಗಾದ್ರ ಇನ್ನೂ ಛಲೋ ಅಂತ ಹೇಳಿದ್ರು. ಅದಕ್ಕೂ ಮೊದ್ಲಿನ 2017ರ 'ಎಟರ್ನಲ್ ಲವ್' 58 ಐತಿ, ದೇವಲೋಕದ ಕಥಿ, ಬಟ್ಟಿ-ಬರಿ ನೋಡಾಕ ಕಣ್ಣ ಸಾಲಂಗಿಲ್ಲ, ಆದ್ರ ಹೊಸಬರಿಗೆ ಅದು ಬ್ಯಾಡ್ರಿ, ಮೂರು ಜನ್ಮದ ಹೆಸರು ನೆನಪಿಡೂದ್ರಾಗ ಸಾಕಾಗತೈತಿ. ಮತ್ತ ಹಿಂದಿ ಡಬ್ಬಿಂಗ್ ಬಿಟ್ಟು ಸಬ್‌ಟೈಟಲ್ ಹಾಕ್ಕೊಂಡ್ ನೋಡ್ರಿ, ಮೆತ್ತಗ ಮಾತಾಡೋ ಸೀನಿನಾಗ ಡಬ್ಬಿಂಗಿನವ್ರು ಒದರಿಬಿಡ್ತಾರ.

ಇಳಕಲ್_ಸೀರಿ:
ಭಾಳ ಉಪಕಾರ ಆತ್ರಿ. ವೈನಿ ಹೇಳಿದ್ದು ಆಮ್ಯಾಲೆ, ಮೊದ್ಲ ದಾಲಿ ಹಳ್ಳೀದ ಹಚ್ಚತೀನಿ, ನಮ್ಮವ್ವಗೂ ಕುಂದರ್ಸಿ ಅರ್ಥ ಹೇಳ್ಕೋತ ನೋಡಬೋದು ಅನಸ್ತು.