ಮಗಳನ್ನು ನೆಜು ಜಿಂಜಾಕ್ಕೆ ಕಳಿಸಬಹುದಾ?

ನಿಶಿಕಸಾಯ್‌ನಿಂದ ಒಬ್ಬ ತಾಯಿ:
ಎಲ್ಲರಿಗೂ ನಮಸ್ಕಾರ. ನಾವಿರೋದು ಟೋಕಿಯೊದಲ್ಲಿ. ಮಗಳಿಗೆ ಏಳು ತುಂಬಿದೆ, ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ನವೆಂಬರಿನಲ್ಲಿ ಅವಳ ಗೆಳತಿಗೆ ಶಿಚಿಗೋಸಾನ್, ಮಕ್ಕಳು ಮೂರು, ಐದು, ಏಳಾದಾಗ ಗುಡಿಗೆ ಕರ್ಕೊಂಡು ಹೋಗಿ ಹರಸುವ ಹಬ್ಬ. ನೆಜು ಜಿಂಜಾಕ್ಕೆ (ಜಿಂಜಾ ಅಂದರೆ ಜಪಾನೀಯರ ಶಿಂತೋ ದೇವರ ಗುಡಿ) ಹೋಗ್ತಾರಂತೆ, ಇವಳಿಗೂ ಕಿಮೋನೊ ಉಡಿಸಿ ಕರ್ಕೊಂಡು ಹೋಗ್ತೀವಿ ಅಂದಿದ್ದಾರೆ. ಇವಳು ಕುಣೀತಿದ್ದಾಳೆ. ಊರಲ್ಲಿ ಅತ್ತೆಗೆ ಮನಸ್ಸಿಲ್ಲ. ನನಗೆ ಇನ್ನೊಂದು ಚಿಂತೆ. ಹೋದ ತಿಂಗಳು ದೊಡ್ಡಮಾವ ತೀರಿಕೊಂಡರು. ನಮ್ಮ ಸೂತಕ ಕಳೆದಿದೆ, ಆದರೆ ಇಲ್ಲಿಯವರ ಲೆಕ್ಕ ಬೇರೆ ಅಂತಾರೆ. ಕಳಿಸಬಹುದಾ? ಅಲ್ಲಿ ಹೇಗಿರಬೇಕು ಅಂತ ಏನು ಹೇಳಿಕೊಡಲಿ?

ಕವಾಸಾಕಿಯಿಂದ:
ಧಾರಾಳವಾಗಿ ಕಳಿಸಿ. ಮೆಟ್ರೋದ ತೋಜಾಯ್ ಲೈನಿನಲ್ಲಿ ಓಟೆಮಾಚಿಗೆ ಬಂದು ಚಿಯೋದಾ ಲೈನ್ ಹಿಡಿದರೆ ನೆಜು. ತೋರಿಯಿ, ಅಂದರೆ ಜಿಂಜಾದ ಹೊರಬಾಗಿಲು, ದಾಟುವಾಗ ತಲೆ ಬಾಗಬೇಕು. ದಾರಿಯ ನಟ್ಟನಡುವೆ ನಡೆಯಬಾರದು, ಅದು ದೇವರಿಗೆ ಬಿಟ್ಟಿದ್ದು. ನೀರಿನ ತೊಟ್ಟಿ ಹತ್ತಿರ ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಎಡ ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸೋದು. ಸೌಟನ್ನು ಬಾಯಿಗೆ ತಾಗಿಸಬೇಡ, ಎಂಜಲಾಗುತ್ತೆ ಅಂತ ಹೇಳಿ, ನಮ್ಮ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತೆ. ಕಾಸು ಹಾಕಿ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಂದು ಸಲ ಬಾಗಿದರೆ ಆಯ್ತು.

ಯೋಕೊಹಾಮಾದ ಹಿರಿಯರು:
ತಂಗಿ, ಕಿಮೋನೊ ಉಡಿಸುವ ಮೊದಲು ಒಂದು ಮಾತು ಕೇಳು. ನಿನ್ನ ಮಗಳು ಮನೆಯಲ್ಲಿ ಕನ್ನಡ ಮಾತಾಡ್ತಾಳಾ? ನನ್ನ ಮಗ ಬೀದಿಯ ಪ್ರತಿ ಮಾತ್ಸುರಿಯಲ್ಲೂ (ಇಲ್ಲಿನ ಜಾತ್ರೆ) ಮಿಕೋಶಿಗೆ, ಅಂದರೆ ದೇವರ ಪಲ್ಲಕ್ಕಿಗೆ, ಹೆಗಲು ಕೊಟ್ಟು ಬೆಳೆದ. ನಾನೂ ಹೆಮ್ಮೆಪಟ್ಟೆ. ಈಗ ಹಾಸನದಿಂದ ಅಜ್ಜಿ ಫೋನ್ ಮಾಡಿದರೆ ನಡುವೆ ನಾನು ಕೂತು ಇಬ್ಬರ ಮಾತನ್ನೂ ದಾಟಿಸಬೇಕು. ಜಿಂಜಾ ಎಲ್ಲೂ ಹೋಗಲ್ಲ. ಏಳನೇ ವಯಸ್ಸಿನಲ್ಲಿ ನಾಲಿಗೆಗೆ ಬರಬೇಕಾದ ಕನ್ನಡ ಹದಿನೇಳಕ್ಕೆ ಬರಲ್ಲ. ನಮ್ಮ ಭಾನುವಾರದ ಕನ್ನಡ ಕ್ಲಾಸಿಗೆ ಸೇರಿಸಿ.

ಸೈತಾಮಾದಿಂದ:
ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅತ್ತೆಯವರಿಗೆ ಒಂದು ವಿಷಯ ತಿಳಿಸಿ: ಉಎನೊದ ಶಿನೋಬಾಜು ಕೊಳದ ನಡುವೆ ಬೆನ್ಜಾಯ್‌ತೆನ್ ಇದ್ದಾಳಲ್ಲ, ಅವಳು ನಮ್ಮ ಸರಸ್ವತಿಯೇ. ನೆಜುವಿನಿಂದ ನಡೆದೇ ಹೋಗಬಹುದು. ಎಲ್ಲಾ ನಮ್ಮ ದೇವರೇ, ಭಯ ಯಾಕೆ?

ಸೆಂದಾಗಿಯಿಂದ:
ಎಲ್ಲವೂ ನಮ್ಮದೇ ಅನ್ನೋದು ಬೇಡ ರೀ. ಬೆನ್ಜಾಯ್‌ತೆನ್ ಬೌದ್ಧರ ಜೊತೆ ಬಂದವಳು, ಆ ಗುಡಿ ಕಾನ್‌ಎಯ್‌ಜಿ ಅನ್ನೋ ಬೌದ್ಧ ಮಂದಿರಕ್ಕೆ ಸೇರಿದ್ದು. ನೆಜುವಿನಲ್ಲಿರೋದು ಶಿಂತೋ ದೇವರು ಸುಸಾನೊಓ. ಅದು ಅವರ ದೇವರು ಅಂತಲೇ ಗೌರವದಿಂದ ಹೋಗಿಬರಲಿ.

ನಾನಿರುವುದು ಆ ಜಿಂಜಾದ ಪಕ್ಕದಲ್ಲೇ. ಹೊರಗೆ ಟ್ರಕ್ಕು, ಬಸ್ಸಿನ ಸದ್ದು. ಒಳಗೆ ಹೋದರೆ ಹಕ್ಕಿಯ ದನಿ ಕೇಳುತ್ತೆ. ಈಗಿರುವ ಕಟ್ಟಡಗಳು 1706ರವು, ಐದನೇ ಶೋಗುನ್ (ಆಗ ದೇಶ ಆಳುತ್ತಿದ್ದ ಸೇನಾಧಿಪತಿ) ತ್ಸುನಾಯೋಶಿ ಕಟ್ಟಿಸಿದ್ದು. ಭೂಕಂಪ, ಬೆಂಕಿ, ಯುದ್ಧದ ಬಾಂಬು ಎಲ್ಲ ಕಂಡ ಈ ಊರಿನಲ್ಲಿ ಗರ್ಭಗುಡಿ, ಕೈಮುಗಿಯುವ ಮಂಟಪ, ಎರಡಂತಸ್ತಿನ ಹೆಬ್ಬಾಗಿಲು ಒಟ್ಟಾಗಿ ಉಳಿದಿವೆ ಅಂದರೆ ಸಣ್ಣ ಮಾತಲ್ಲ. ಪಕ್ಕದ ಗುಡ್ಡದ ಮೇಲೆ ಓತೊಮೆ ಇನಾರಿ ಅನ್ನೋ ಚಿಕ್ಕ ಗುಡಿಗೆ ಹೋಗುವ ಕೆಂಪು ತೋರಿಯಿಗಳ ಸಾಲಿದೆ, ಎತ್ತರ ಕಡಿಮೆ, ದೊಡ್ಡವರು ಬಗ್ಗಿ ನಡೀಬೇಕು. ಮಕ್ಕಳು ಸರಾಗವಾಗಿ ಓಡ್ತಾರೆ.

ಇನ್ನೊಂದು ಇದೆ, ನನಗೆ ಬಹಳ ಇಷ್ಟವಾದದ್ದು. ಆರನೇ ಶೋಗುನ್ ಇಯೆನೊಬು ಹುಟ್ಟಿದಾಗ ಅವನ ಮಾಸು ಹೂತ ಕಲ್ಲಿನ ಗುಡ್ಡೆ ಅಲ್ಲಿದೆ. ಆ ಜಾಗ ಮೊದಲು ಅವನ ಮನೆತನದ್ದು. ಊರಲ್ಲಿ ಬಾಣಂತಿ ಮನೆಯ ಹಿತ್ತಲಲ್ಲಿ ಮಾಸು ಹೂಳುವುದನ್ನು ಕಂಡ ಅತ್ತೆಯವರಿಗೆ ಇದನ್ನು ಹೇಳಿ ನೋಡಿ. ಮಕ್ಕಳು ಬದುಕಿ ಬೆಳೆಯಲಿ ಅನ್ನೋ ಆಸೆಯೇ ಶಿಚಿಗೋಸಾನ್ ಕೂಡ. ಚಿತೊಸೆ ಅಮೆ ಅನ್ನೋ ಉದ್ದದ ಮಿಠಾಯಿ ಕೊಡೋದೂ ಆಯಸ್ಸು ಹೆಚ್ಚಲಿ ಅಂತಲೇ.

ಯೋಕೊಹಾಮಾದ ಹಿರಿಯರು:
ಹೋಗಬೇಡಿ ಅಂತ ನಾನು ಹೇಳಿಲ್ಲ. ಇಷ್ಟೆಲ್ಲ ಆ ಮಗುವಿಗೆ ಯಾವ ಭಾಷೆಯಲ್ಲಿ ಹೇಳ್ತೀರಿ ಅನ್ನೋದೇ ನನ್ನ ಪ್ರಶ್ನೆ.

ಚಿಬಾದಿಂದ:
ಭಾನುವಾರದ ಕ್ಲಾಸು ಆನ್‌ಲೈನಾ ಅಣ್ಣ? ನಾವು ದೂರ, ಬಂದುಹೋಗೋಕೆ ಆಗಲ್ಲ.

ನಿಶಿಕಸಾಯ್‌ನಿಂದ ಒಬ್ಬ ತಾಯಿ:
ಕ್ಲಾಸಿಗೆ ಖಂಡಿತ ಸೇರಿಸ್ತೀನಿ ಅಣ್ಣ. ಸೂತಕದ ವಿಷಯ ಯಾರಾದರೂ ಹೇಳ್ತೀರಾ?

ಕವಾಸಾಕಿಯಿಂದ:
ಕ್ಷಮಿಸಿ, ಅದು ಬಿಟ್ಟೇ ಹೋಯ್ತು. ತಂದೆತಾಯಿ, ಗಂಡಹೆಂಡತಿ, ಮಕ್ಕಳು ತೀರಿಕೊಂಡರೆ ಇಲ್ಲಿ 50 ದಿನ ಜಿಂಜಾಕ್ಕೆ ಹೋಗಲ್ಲ. ದೂರದ ನಂಟಿಗೆ ಅಷ್ಟು ದಿನ ಇಲ್ಲ. ಆದರೂ ಗೆಳತಿಯ ಅಮ್ಮನಿಗೆ ಮೊದಲೇ ತಿಳಿಸಿಬಿಡಿ, ಅವರೇ ಜಿಂಜಾದ ಕಚೇರಿಯಲ್ಲಿ ವಿಚಾರಿಸ್ತಾರೆ.

ಚಿಬಾದಿಂದ:
ನಮ್ಮ ಹುಡುಗನಿಗೆ ಐದು ವರ್ಷ. ಕ್ಲಾಸಿಗೆ ತಗೋತೀರಾ?