ಅಂಚೆಪೆಟ್ಟಿಗೆಯ ರಾಶಿಯ ಬಗ್ಗೆ ಪುಟ್ಟಿಗೆ, ಭಾವನಿಗೆ

ಪುಟ್ಟಿ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ಫೋಟೊ ಬೆಳಿಗ್ಗೆ ಎದ್ದು ನೋಡಿದೆ. ಹೊಸ ಮನೆಯ ಊಟದ ಮೇಜಿನ ತುಂಬ ಲಕೋಟೆಗಳು. ಕೆಳಗೆ, ‘ಚಿಕ್ಕಮ್ಮ, ಇದು ಒಂದೇ ವಾರದ ಅಂಚೆ, ಎಲ್ಲವನ್ನೂ ಹಾಗೆಯೇ ಕಸಕ್ಕೆ ಹಾಕಿಬಿಡಲೇ?’ ಎಂಬ ನಿನ್ನ ಪ್ರಶ್ನೆ. ಅದಕ್ಕೆ ಶಿವಮೊಗ್ಗದಿಂದ ಭಾವ ಬರೆದಿದ್ದಾರೆ, ‘ಅಷ್ಟು ಒಳ್ಳೆಯ ಕಾಗದವನ್ನು ಎಸೆಯುವುದೇಕೆ, ರದ್ದಿಯವನಿಗೆ ಹಾಕಬಾರದೇ?’ ಎಂದು. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಮಾತು ಉದ್ದವಾಗುತ್ತದೆ, ಕೆಲಸ ಮಾಡುತ್ತಲೇ ಕೇಳಿಸಿಕೊಳ್ಳಿ.

ಭಾವ, ಇಲ್ಲಿ ಅಮೆರಿಕದಲ್ಲಿ ರದ್ದಿಯವನು ಬರುವುದಿಲ್ಲ. ತಕ್ಕಡಿ ಹಿಡಿದು ಬಾಗಿಲಿಗೆ ಬಂದು, ಕಿಲೋಗೆ ಇಷ್ಟು ಎಂದು ಲೆಕ್ಕ ಹಾಕಿ, ನಮ್ಮ ಕೈಗೆ ದುಡ್ಡು ಕೊಟ್ಟು ಕಾಗದ ಒಯ್ಯುವವರು ಯಾರೂ ಇಲ್ಲ. ಮರುಬಳಕೆಯ ಡಬ್ಬಿ ಇದೆ, ಅದನ್ನು ಬರಿದು ಮಾಡಲು ಲಾರಿ ಬರುತ್ತದೆ, ಆ ಲಾರಿಗೆ ದುಡ್ಡು ಕೊಡುವವರು ನಾವು. ನಾವು ಕೇಳದ ಕಾಗದವನ್ನು ಯಾರೋ ತಂದು ಬಾಗಿಲಿಗೆ ಸುರಿಯುತ್ತಾರೆ, ಅದನ್ನು ಸಾಗಹಾಕುವ ಖರ್ಚು ನಮ್ಮ ತಲೆಗೆ ಬರುತ್ತದೆ. ಡಬ್ಬಿಗೆ ಹಾಕಿದ್ದೆಲ್ಲ ಮತ್ತೆ ಕಾಗದವಾಗುತ್ತದೆ ಎಂಬ ಭರವಸೆಯೂ ಇಲ್ಲ. ಅಮೆರಿಕದ ಪರಿಸರ ಇಲಾಖೆಯ 2018ರ ಲೆಕ್ಕದಂತೆ ಕಾಗದ ಮತ್ತು ರಟ್ಟಿನಲ್ಲಿ ಮೂರನೇ ಎರಡು ಭಾಗ ಮರುಬಳಕೆಗೆ ಹೋಯಿತು. ಆದರೂ ಸುಮಾರು 1.7 ಕೋಟಿ ಟನ್ ಮಣ್ಣಿನಡಿ ಸೇರಿತು. ಅಲ್ಲಿ ಗಾಳಿಯಿಲ್ಲದೆ ಕೊಳೆತು, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲವಾಗುತ್ತದೆ. ಆದ್ದರಿಂದ ಪುಟ್ಟಿ, ಯಾವ ಡಬ್ಬಿಗೆ ಹಾಕಲಿ ಎಂದು ಯೋಚಿಸುವುದಕ್ಕಿಂತ, ಈ ಕಾಗದ ನಿನ್ನ ಹೆಸರಿಗೆ ಅಚ್ಚಾಗದಂತೆ ಮಾಡುವುದು ಹೇಗೆ ಎಂದು ಮೊದಲು ನೋಡು.

ನಾವು ಒಹಾಯೊದ ಈ ಮನೆಗೆ ಬಂದ ಮೊದಲ ವರ್ಷ ಒಂದು ತಿಂಗಳ ಬೇಡದ ಅಂಚೆಯನ್ನೆಲ್ಲ ಅಕ್ಕಿ ಚೀಲದಲ್ಲಿ ಕೂಡಿಟ್ಟು ತೂಗಿದ್ದೆ. ಮೂರು ಕಿಲೋಗೂ ಸ್ವಲ್ಪ ಹೆಚ್ಚಿತ್ತು. ಆ ಚೀಲ ಎತ್ತಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಅಜ್ಜಿಮನೆಯಲ್ಲಿ ಮದುವೆ ಕರೆಯೋಲೆಯ ಹಿಂಬದಿಯಲ್ಲಿ ದಿನಸಿ ಪಟ್ಟಿ ಬರೆದು ಬೆಳೆದವರು ನಾವು.

ಈಗ ಅಂಚೆಪೆಟ್ಟಿಗೆಯ ಹತ್ತಿರವೇ ನಿಂತಿದ್ದೇನೆ, ಇವತ್ತಿನದನ್ನು ತೆಗೆದು ಹೇಳುತ್ತೇನೆ. ಒಟ್ಟು ಐದು. ಒಂದು ನೀರಿನ ಬಿಲ್ಲು, ಅದು ಬೇಕಾದದ್ದು. ಪಿಜ್ಜಾ ಅಂಗಡಿಯ ಕೂಪನ್ನು ಒಂದು. ಹುಲ್ಲುಹಾಸಿಗೆ ಔಷಧಿ ಹೊಡೆಯುವವರ ಕಾರ್ಡು ಒಂದು. ಕಿವಿಗೆ ಹಾಕುವ ಯಂತ್ರದ ಜಾಹೀರಾತೊಂದು, ಅದು ಈ ಮನೆಯ ಹಿಂದಿನ ಒಡತಿಯ ಹೆಸರಿಗೆ ಬಂದಿದೆ. ಇನ್ನೊಂದು ದಪ್ಪ ಲಕೋಟೆ ಮಗನ ಹೆಸರಿಗೆ, ಕ್ರೆಡಿಟ್ ಕಾರ್ಡಿನದು. ಒಡೆಯುತ್ತೇನೆ, ತಡೆ. ಒಳಗೆ ಎರಡು ಹಾಳೆ ಪತ್ರ, ಕಾರ್ಡಿನಂತೆಯೇ ಕಾಣುವ ಪ್ಲಾಸ್ಟಿಕ್ ತುಂಡು, ಅದರ ಹಿಂದೆ ಅಂಟಂಟು ಗೋಂದು, ಉತ್ತರಿಸಲು ಮತ್ತೊಂದು ಲಕೋಟೆ. ಹಾಳೆಯ ಹಿಂಬದಿಯಲ್ಲಿ, ಸಣ್ಣ ಅಕ್ಷರಗಳ ನಡುವೆ, ಒಂದು ಚೌಕವಿದೆ. ಇಂಥ ಪತ್ರ ಬೇಡವೆಂದರೆ ಎಲ್ಲಿ ಹೇಳಬೇಕು ಎಂದು ಅದರಲ್ಲಿ ಬರೆದಿದೆ. ಅದನ್ನು ಅಚ್ಚು ಹಾಕಲೇಬೇಕೆಂದು ಕಾನೂನೇ ಇದೆ. ನಿನ್ನ ಮೇಜಿನ ಮೇಲೆ ‘ಪ್ರಿ-ಅಪ್ರೂವ್ಡ್’, ಅಂದರೆ ಮೊದಲೇ ಮಂಜೂರಾಗಿದೆ, ಎಂದು ಬಂದಿರುವ ಲಕೋಟೆಗಳಲ್ಲಿ ಹುಡುಕು, ಇದ್ದೇ ಇರುತ್ತದೆ.

ಮೊದಲ ಕೆಲಸ ಅದೇ. ಆಪ್ಟ್‌ಔಟ್‌ಪ್ರಿಸ್ಕ್ರೀನ್ ಡಾಟ್ ಕಾಮ್ ಎಂಬ ತಾಣ, ಅಥವಾ 1-888-567-8688ಕ್ಕೆ ಫೋನು. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಇನ್ನೋವಿಸ್, ಈ ನಾಲ್ಕೂ ಸಾಲಚರಿತ್ರೆಯ ಸಂಸ್ಥೆಗಳು ಸೇರಿ ನಡೆಸುವುದು. ನಮ್ಮ ಹೆಸರಿನ ಪಟ್ಟಿ ಬ್ಯಾಂಕುಗಳಿಗೆ, ವಿಮೆಯವರಿಗೆ ಹೋಗುವುದು ಇವರಿಂದಲೇ. ಐದು ವರ್ಷಕ್ಕೆ ಬೇಡವೆಂದರೆ ಅಲ್ಲಿಯೇ ಮುಗಿಯುತ್ತದೆ. ಶಾಶ್ವತವಾಗಿ ಬೇಡವೆಂದರೆ ಒಂದು ನಮೂನೆಗೆ ಸಹಿ ಮಾಡಿ ಅಂಚೆಯಲ್ಲಿ ಕಳಿಸಬೇಕು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಅಂದರೆ ಇಲ್ಲಿಯ ಸರ್ಕಾರ ಒಬ್ಬೊಬ್ಬರಿಗೂ ಕೊಡುವ ಗುರುತಿನ ಸಂಖ್ಯೆ, ಕೇಳುತ್ತದೆ, ನಾನೂ ಮೊದಲು ಹೆದರಿದ್ದೆ. ಗ್ರಾಹಕರ ಹಿತ ಕಾಯುವ ಕೇಂದ್ರ ಸರ್ಕಾರದ ವ್ಯಾಪಾರ ಆಯೋಗವೇ ಜನರನ್ನು ಇಲ್ಲಿಗೆ ಕಳಿಸುತ್ತದೆ. ಆದರೆ ವಿಳಾಸವನ್ನು ನೀನೇ ಕೈಯಾರೆ ಟೈಪ್ ಮಾಡು, ಯಾರೋ ಕಳಿಸಿದ ಕೊಂಡಿ ಒತ್ತಬೇಡ. ಕ್ರೆಡಿಟ್ ಸ್ಕೋರ್ ಇದರಿಂದ ಇಳಿಯುವುದಿಲ್ಲ. ನಿನ್ನ ಗಂಡ ಬೇರೆಯಾಗಿಯೇ ಮಾಡಬೇಕು, ಒಬ್ಬರು ಮಾಡಿದರೆ ಮನೆಯವರಿಗೆಲ್ಲ ಆಗುವುದಿಲ್ಲ. ನನ್ನ ಮಗ ಇನ್ನೂ ಮಾಡಿಲ್ಲ, ಅದಕ್ಕೇ ಈ ದಪ್ಪ ಲಕೋಟೆ. ನನ್ನ ಹೆಸರಿಗೆ ಇಂಥದ್ದು ಬಂದು ವರ್ಷಗಳಾದವು.

ಅಂಗಡಿಗಳ ಜಾಹೀರಾತು, ಕ್ಯಾಟಲಾಗುಗಳಿಗೆ ಡಿಎಂಎಚಾಯ್ಸ್ ಎಂಬ, ಬೇಡವೆಂದವರ ಹೆಸರಿನ ಇನ್ನೊಂದು ಪಟ್ಟಿಯಿದೆ. ಹತ್ತು ವರ್ಷಕ್ಕೆ ಕೆಲವೇ ಡಾಲರ್ ಶುಲ್ಕ. ಬೇಡ ಎನ್ನುವುದಕ್ಕೆ ನಾವೇ ದುಡ್ಡು ಕೊಡಬೇಕೆನ್ನುವುದು ನನಗೆ ಇವತ್ತಿಗೂ ಸರಿಕಾಣುವುದಿಲ್ಲ, ಆದರೂ ಕೊಟ್ಟೆ, ಕಡಿಮೆಯಾಯಿತು. ತೀರಿಕೊಂಡವರ ಹೆಸರನ್ನು ತೆಗೆಸಲು ಅದರಲ್ಲಿಯೇ ಪ್ರತ್ಯೇಕ ಪಟ್ಟಿಯಿದೆ. ಹಿಂದಿನ ಒಡತಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರ ಮಗಳು ಒಮ್ಮೆ ಗುಲಾಬಿ ಗಿಡ ಕೇಳಿಕೊಂಡು ಬಂದಾಗ, ಬಾಗಿಲಲ್ಲಿದ್ದ ಲಕೋಟೆಯ ಮೇಲೆ ತಾಯಿಯ ಹೆಸರು ಕಂಡು ಸುಮ್ಮನೆ ನಿಂತುಬಿಟ್ಟರು. ಅವತ್ತೇ ಸಂಜೆ ನಾವಿಬ್ಬರೂ ಕೂತು ಆ ಪಟ್ಟಿಗೆ ಹೆಸರು ಸೇರಿಸಿದೆವು. ಹೆಚ್ಚಿನವು ನಿಂತವು, ಇವತ್ತಿನಂತೆ ಅಪರೂಪಕ್ಕೊಂದು ಬರುತ್ತದೆ.

ಹೊಸ ಮನೆ ಕೊಂಡವರಿಗೆ ಬರುವುದು ಬೇರೆಯ ಬಗೆ. ಮನೆಯ ನೋಂದಣಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು. ಅದನ್ನು ನೋಡಿಕೊಂಡೇ ನಿನ್ನ ಹೆಸರು, ಸಾಲ ಕೊಟ್ಟ ಬ್ಯಾಂಕಿನ ಹೆಸರು ಹಾಕಿ, ‘ಅಂತಿಮ ಸೂಚನೆ’ ಎಂದು ಸರ್ಕಾರಿ ಕಾಗದದ ಹಾಗೆ ಕಳಿಸುತ್ತಾರೆ. ಕ್ರಯಪತ್ರದ ಪ್ರತಿಗೆ ನೂರು ಡಾಲರ್ ಕೇಳುವವರಿದ್ದಾರೆ, ಕೌಂಟಿ ಕಚೇರಿಯಲ್ಲಿ ಅದು ಕೆಲವೇ ಡಾಲರಿಗೆ ಸಿಗುತ್ತದೆ. ನಿಮ್ಮ ಟೆಕ್ಸಾಸಿನಲ್ಲಿ, ತಾವೇ ವಾಸಿಸುವ ಮನೆಗೆ ಸಿಗುವ ಹೋಮ್‌ಸ್ಟೆಡ್ ತೆರಿಗೆ ವಿನಾಯಿತಿಗೆ ಅರ್ಜಿ ಹಾಕಿಕೊಡುತ್ತೇವೆ, ದುಡ್ಡು ಕಳಿಸಿ ಎಂಬ ಪತ್ರವೂ ಬರುತ್ತದೆ. ತೆರಿಗೆಗಾಗಿ ಮನೆಗೆ ಬೆಲೆ ಕಟ್ಟುವ ಅಪ್ರೈಸಲ್ ಡಿಸ್ಟ್ರಿಕ್ಟ್ ಕಚೇರಿಯಲ್ಲಿ ಆ ಅರ್ಜಿಗೆ ಒಂದು ಸೆಂಟೂ ಕೊಡಬೇಕಾಗಿಲ್ಲ. ದಯವಿಟ್ಟು ಇದೊಂದನ್ನು ನೆನಪಿಟ್ಟುಕೊ.

‘ಬೇಡ’ ಎಂದು ಬರೆದು ವಾಪಸು ಕಳಿಸಬಹುದಲ್ಲ ಎಂದೂ ಕೇಳಿದ್ದೀಯ. ಫಸ್ಟ್ ಕ್ಲಾಸ್, ಅಂದರೆ ಸಾಮಾನ್ಯ ಪತ್ರಗಳ ದರ್ಜೆಯ ಅಂಚೆಯಾದರೆ ಆಗುತ್ತದೆ. ಮೂಲೆಯಲ್ಲಿ ‘ಪ್ರಿಸಾರ್ಟೆಡ್ ಸ್ಟ್ಯಾಂಡರ್ಡ್’ ಎಂದು ಇರುವ ಅಗ್ಗದ ಅಂಚೆ ಸಾಮಾನ್ಯವಾಗಿ ಕಳಿಸಿದವರಿಗೆ ಮರಳುವುದಿಲ್ಲ, ಅಂಚೆಯವರೇ ವಿಲೇವಾರಿ ಮಾಡುತ್ತಾರೆ. ಉತ್ತರದ ಲಕೋಟೆಗೆ ಅವರದೇ ಕಾಗದ ತುಂಬಿ ತಿರುಗಿ ಕಳಿಸಿ ಎನ್ನುವವರೂ ಇದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ, ಅದೇ ಕಾಗದ ಇನ್ನೊಮ್ಮೆ ಲಾರಿ ಹತ್ತುತ್ತದೆ ಅಷ್ಟೇ. ಪಿಜ್ಜಾ ಕೂಪನ್ನಿನಂಥವು ಹೆಸರೇ ಇಲ್ಲದೆ ಬೀದಿಯ ಪ್ರತಿ ಬಾಗಿಲಿಗೂ ಬರುತ್ತವೆ, ಅಂಚೆ ಇಲಾಖೆಯೇ 2011ರಿಂದ ಆ ವ್ಯವಸ್ಥೆ ನಡೆಸುತ್ತಿದೆ. ಅದಕ್ಕೆ ಅಂಗಡಿಗೇ ಹೇಳಬೇಕು, ನಾನು ಎರಡು ಕಡೆ ಹೇಳಿ ನಿಲ್ಲಿಸಿದ್ದೇನೆ. ಅಂಚೆಯವರ ಮೇಲೆ ಕೋಪ ಬೇಡ. 2023ರಲ್ಲಿ ಈ ದೇಶದ ಅಂಚೆ ಇಲಾಖೆ ಹಂಚಿದ ಜಾಹೀರಾತಿನ ಅಂಚೆಯೇ ಸುಮಾರು 6,000 ಕೋಟಿ, ಬೇರೆ ಕಾಗದಪತ್ರಗಳಿಗಿಂತ ಹೆಚ್ಚು. ಕೈಗೆ ಕೊಟ್ಟದ್ದನ್ನು ಬಾಗಿಲಿಗೆ ಮುಟ್ಟಿಸುವುದು ಅವರ ಕೆಲಸ.

ಈಗ ಮೇಜಿನ ಮೇಲಿರುವುದನ್ನು ಏನು ಮಾಡುವುದು? ಎಲ್ಲವನ್ನೂ ಯಂತ್ರಕ್ಕೆ ಕೊಟ್ಟು ಚೂರು ಮಾಡಬೇಡ. ಬಿಡಿ ಚೂರುಗಳು ವಿಂಗಡಿಸುವ ಯಂತ್ರದ ಸಂದಿಯಲ್ಲಿ ಉದುರಿ ಕಸಕ್ಕೇ ಹೋಗುತ್ತವೆ, ಬಹಳ ಊರುಗಳು ಅವನ್ನು ಡಬ್ಬಿಗೆ ಹಾಕಬೇಡಿ ಎನ್ನುತ್ತವೆ. ಹೆಸರು, ಸಂಖ್ಯೆ ಇರುವ ಭಾಗವನ್ನಷ್ಟೇ ಹರಿದು ಚೂರು ಮಾಡು, ಪ್ಲಾಸ್ಟಿಕ್ ಕಾರ್ಡು ಕಿತ್ತು ತೆಗೆ, ಉಳಿದ ಹಾಳೆ ಇಡಿಯಾಗಿ ಮರುಬಳಕೆಗೆ ಹಾಕು.

ಆದರೆ ಒಡೆಯದೆ ಯಾವುದನ್ನೂ ಹಾಕಬೇಡ. 2020ರಲ್ಲಿ ಕೋವಿಡ್ ಪರಿಹಾರದ ಹಣವನ್ನು ಸರ್ಕಾರ ಕೆಲವರಿಗೆ ಕಾರ್ಡಿನ ರೂಪದಲ್ಲಿ ಕಳಿಸಿತು. ಲಕೋಟೆಯ ಮೇಲೆ ಸರ್ಕಾರದ ಗುರುತೇ ಇರಲಿಲ್ಲ, ಜಾಹೀರಾತೆಂದುಕೊಂಡು ಎಷ್ಟೋ ಜನ ಕತ್ತರಿಸಿ ಎಸೆದುಬಿಟ್ಟರು. ನಿನ್ನ ಫೋಟೊ ದೊಡ್ಡದು ಮಾಡಿ ನೋಡಿದೆ. ಎಡಗಡೆ, ಹಣ್ಣಿನ ಬುಟ್ಟಿಯ ಕೆಳಗೆ ಅರ್ಧ ಮುಚ್ಚಿರುವ ಬಿಳಿಯ ಲಕೋಟೆಯ ಮೇಲೆ ಏನೂ ಬರೆದಿಲ್ಲ. ಅದನ್ನು ಒಡೆದು ಏನಿದೆ ಎಂದು ಇವತ್ತೇ ತಿಳಿಸು.